ಮುಟಗಿಗೆ ಎದ್ದ ಗಂಟು

ಯಾರ ಹೊಟ್ಟೆ ಯಾರ ಅಡುಗೆಗೆ ಏಳುತ್ತದೆ ಎಂದು ಪರದೆಯ ಮೇಲೆ ತೋರಿಸುವ ಯಂತ್ರವೊಂದು ಬಂದರೆ ಎಷ್ಟು ಸಂಸಾರಗಳು ನೆಟ್ಟಗೆ ಉಳಿದಾವು? ಇದು ಹರಟೆಯ ಪ್ರಶ್ನೆಯಲ್ಲ. ಅಂಥ ಯಂತ್ರ ಹುಬ್ಬಳ್ಳಿಯ ನಮ್ಮ ಆಸ್ಪತ್ರೆಗೆ ಬಂದು ಎರಡು ವರ್ಷವಾಯಿತು. ಅದರ ಚಿತ್ರಗಳನ್ನು ಓದಿ ವರದಿ ಕೊಡುವ ಡಾಕ್ಟರು ನಾನು, ನೀಲಾಂಬಿಕೆ. ಹೋದ ತಿಂಗಳು ಅದರೊಳಗೆ ಮಲಗಿದ್ದವರು ನನ್ನ ಗಂಡ.

ಕಂಪನಿಯವರು ಅದಕ್ಕೆ ಬಾಯಿ ತಿರುಗದ ಹೆಸರು ಇಟ್ಟಿದ್ದಾರೆ. ನಾವೆಲ್ಲ ಊಟದ ಸ್ಕ್ಯಾನ್ ಎನ್ನುತ್ತೇವೆ. ಅದನ್ನು ತರಿಸಿದ್ದು ಒಂದೇ ಕೆಲಸಕ್ಕೆ. ಮಗು ಗರ್ಭದಲ್ಲಿ ಬೆಳೆಯುವಾಗ ಅದರ ಜಠರ, ಕರುಳುಗಳು ಸುತ್ತು ತಿರುಗಿ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ. ಆ ತಿರುಗಾಟದಲ್ಲಿ ಮೇದೋಜೀರಕ ಗ್ರಂಥಿಯ ಒಂದು ಚೂರು ಕೆಲವರಲ್ಲಿ ಜಠರದ ಗೋಡೆಗೆ ಅಂಟಿಕೊಂಡು ಅಲ್ಲೇ ಉಳಿದುಬಿಡುತ್ತದೆ. ಎಷ್ಟೋ ಜನ ಅದನ್ನು ಹೊತ್ತುಕೊಂಡೇ ಬದುಕಿ, ಅದರ ಸುದ್ದಿಯೇ ಗೊತ್ತಿಲ್ಲದೆ ಹೋಗಿಬಿಡುತ್ತಾರೆ. ತೊಂದರೆ ಬರುವುದು ಸಾಧಾರಣ ಸ್ಕ್ಯಾನಿನಲ್ಲಿ ಅದು ಕಣ್ಣಿಗೆ ಬಿದ್ದಾಗ. ನೋಡುವುದಕ್ಕೆ ಥೇಟು ಗಡ್ಡೆ. ಗೋಡೆಯ ಆಳದ ಪದರದಲ್ಲಿ ಹುದುಗಿರುವುದರಿಂದ ಪರೀಕ್ಷೆಗೆಂದು ಸೂಜಿ ಹಾಕಿ ಚೂರು ತೆಗೆದರೂ ಬಹಳ ಸಲ ಅದು ಕೈಗೆ ಸಿಗುವುದಿಲ್ಲ. ಅನುಮಾನದ ಮೇಲೆ ಅರ್ಧ ಜಠರ ಕತ್ತರಿಸಿ ತೆಗೆಸಿಕೊಂಡು, ಆಮೇಲೆ ಅದು ಗಡ್ಡೆಯೇ ಅಲ್ಲವೆಂದು ತಿಳಿದವರನ್ನು ನಾನು ನೋಡಿದ್ದೇನೆ.

ಹೊಸ ಯಂತ್ರ ಆಕಾರವನ್ನು ನೋಡುವುದಿಲ್ಲ, ನಡತೆಯನ್ನು ನೋಡುತ್ತದೆ. ಊಟದ ವಾಸನೆ ಮೂಗಿಗೆ ಬಿದ್ದರೆ ಸಾಕು, ಮಿದುಳಿನಿಂದ ಹೊಟ್ಟೆಗೆ ಇಳಿಯುವ ಒಂದು ಉದ್ದನೆಯ ನರ ಮೇದೋಜೀರಕಕ್ಕೆ ಕೂಗು ಹಾಕುತ್ತದೆ, ರಸ ಸಿದ್ಧಮಾಡು ಎಂದು. ಗ್ರಂಥಿಯ ಕಣಗಳಿಗೆ ನೀರು ನುಗ್ಗುತ್ತದೆ. ಆ ನೀರಿನ ಓಡಾಟವನ್ನು ಯಂತ್ರದ ಅಯಸ್ಕಾಂತ ಹಿಡಿದು ಬೆಳಕಾಗಿ ತೋರಿಸುತ್ತದೆ. ಜಾಗ ತಪ್ಪಿದ ಚೂರಿಗೂ ಅದೇ ಕೂಗು ಕೇಳಿಸುತ್ತದೆ. ಗ್ರಂಥಿಯ ಜೊತೆಗೇ ಗೋಡೆಯಲ್ಲಿನ ಗಂಟೂ ಹೊಳೆದರೆ ಅದು ಮೇದೋಜೀರಕವೇ. ಗಡ್ಡೆಗೆ ಊಟದ ಗೊಡವೆ ಇರುವುದಿಲ್ಲ. ಷರತ್ತು ಒಂದೇ: ಗ್ರಂಥಿ ಪರದೆಯ ಮೇಲಿನ ಹಸಿರು ಗೆರೆಯನ್ನು ದಾಟುವಷ್ಟು ಏಳಬೇಕು. ಅದೇ ಮಲಗಿದ್ದರೆ ಗಂಟು ಮಲಗಿದ್ದಕ್ಕೆ ಅರ್ಥವಿಲ್ಲ.

ಯಂತ್ರದ ಜೊತೆಗೆ ಕಂಪನಿಯವರು ಪರೀಕ್ಷೆಯ ಊಟವನ್ನೂ ಕಳಿಸಿದ್ದರು. ವೆನಿಲ್ಲಾ ವಾಸನೆಯ ಬಿಳಿ ಗಂಜಿ. ಹುಬ್ಬಳ್ಳಿಯ ಹೊಟ್ಟೆಗಳು ಅದಕ್ಕೆ ಮಿಸುಕಾಡಲಿಲ್ಲ. ಮನೆಯಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಊಟ ತನ್ನಿ ಎಂದು ಹೇಳಲು ಶುರುಮಾಡಿದವಳು ನಾನೇ. ಅಲ್ಲಿಂದ ರಾದ್ಧಾಂತಕ್ಕೆ ಕೊನೆಯಿಲ್ಲದಂತಾಯಿತು. ಕೇಶ್ವಾಪುರದ ಒಬ್ಬ ಹೆಂಗಸು ಗಂಡನ ಗಂಟು ಏನೆಂದು ಕೇಳುವ ಮೊದಲು ಅತ್ತೆಯ ಡಬ್ಬಿಗೆ ಎಷ್ಟು ಬೆಳಕು ಬಂತೆಂದು ಕೇಳಿದಳು. ಒಬ್ಬ ತಾಯಿ ಮಗನ ಹೊಟ್ಟೆಯ ಚಿತ್ರಕ್ಕೆ ಕಟ್ಟು ಹಾಕಿಸಿ ಸೊಸೆ ಓಡಾಡುವ ಕಡೆ ಗೋಡೆಗೆ ತೂಗುಹಾಕಿದಳಂತೆ. ಆಸ್ಪತ್ರೆಯ ಎದುರಿನ ಖಾನಾವಳಿಯವನು ಸ್ಕ್ಯಾನ್ ಸ್ಪೆಷಲ್ ಊಟ ಎಂದು ಬೋರ್ಡು ಬರೆಸಿದ. ಕೊನೆಗೆ ನಾನು ನಿಯಮ ಮಾಡಬೇಕಾಯಿತು. ಡಬ್ಬಿಗಳಿಗೆ ನಂಬರು ಮಾತ್ರ, ತಂದವರ ಹೆಸರಿಲ್ಲ. ಜಗಳವಾಡಿಕೊಂಡು ಬಂದವರು ಮೊದಲು ಹೊರಗಿನ ಬೇವಿನ ಮರದ ಕೆಳಗೆ ಕೂತು ತಣ್ಣಗಾಗಬೇಕು, ಏಕೆಂದರೆ ಸಿಟ್ಟು, ಹೆದರಿಕೆ, ಹೊಟ್ಟೆಕಿಚ್ಚು ಇದ್ದಾಗ ಆ ಉದ್ದನೆಯ ನರ ಬಾಯಿ ಮುಚ್ಚಿಕೊಳ್ಳುತ್ತದೆ. ಹೊಸ ಬಗೆಯ ಊಟಕ್ಕೆ ಬೆಳಕು ಬಂದರೆ, ಹೋಲಿಕೆಗೆ ಆರೋಗ್ಯವಂತರೊಬ್ಬರನ್ನು ಅದೇ ಊಟದ ಜೊತೆ ಮಲಗಿಸಿ ನೋಡಬೇಕು.

ಬೇರೆಯವರ ಹೊಟ್ಟೆಕಿಚ್ಚು ನೋಡುವುದಕ್ಕೆ ಬಹಳ ಸಣ್ಣದಾಗಿ ಕಾಣುತ್ತದೆ. ನಿಯಮ ಬರೆಯುವಾಗ ನನಗೆ ನಗು ಬರುತ್ತಿತ್ತು.

ನನ್ನ ಗಂಡ ಚನ್ನವೀರ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಾರೆ. ಮೆತ್ತಗಿನ ಮನುಷ್ಯ. ಉಪ್ಪು ಹೆಚ್ಚಾದರೂ ಕಡಿಮೆಯಾದರೂ ತಾಟು ಬಳಿದು ಉಂಡು "ಛಲೋ ಆಗೈತಿ" ಎಂದು ಎದ್ದು ಹೋಗುವವರು. ಮದುವೆಯಾಗಿ ಇಪ್ಪತ್ತು ವರ್ಷ ಆ ಒಂದು ಮಾತನ್ನು ಕೇಳಿಕೊಂಡು ಬಂದಿದ್ದೇನೆ. ಅದನ್ನು ನಾನು ಯಾವತ್ತೂ ಪೂರ್ತಿ ನಂಬಲಿಲ್ಲ.

ನಂಬದಿರಲು ಕಾರಣ ಹಳೇ ಹುಬ್ಬಳ್ಳಿಯಲ್ಲಿತ್ತು. ಚನ್ನವೀರರ ತಾಯಿ ತೀರಿಕೊಂಡಾಗ ಅವರಿನ್ನೂ ಶಾಲೆಯ ಹುಡುಗ. ಅದೇ ವರ್ಷ ಅಣ್ಣನ ಹೆಂಡತಿಯಾಗಿ ಕಸ್ತೂರೆವ್ವ ಆ ಮನೆಗೆ ಬಂದರು. ಮೈದುನನಿಗೆ ಉಣಿಸಿ, ಹೊದೆಸಿ, ಕಾಲೇಜು ಕಲಿಸಿದವರು ಅವರು. ಅತ್ತಿಗೆಯನ್ನು ವೈನಿ ಎಂದು ಕರೆಯುವ ಇವರಿಗೆ ಅವರೆಂದರೆ ಪ್ರಾಣ. ನಾನೋ ತಿಪಟೂರಿನ ಕಡೆಯವಳು. ನಾನು ತಟ್ಟಿದ ಜೋಳದ ರೊಟ್ಟಿ ಇವತ್ತಿಗೂ ದುಂಡಗಿರುವುದಿಲ್ಲ. ಮದುವೆಯಾದ ಹೊಸದರಲ್ಲಿ ವೈನಿಯ ಡಬ್ಬಿ ವಾರಕ್ಕೆರಡು ಸಲ ನಮ್ಮ ಮನೆಗೆ ಬರುತ್ತಿತ್ತು. ಇವರು ಅದನ್ನು ಬಿಚ್ಚುವ ರೀತಿ ನೋಡಿ ನನ್ನ ಮೈ ಉರಿಯುತ್ತಿತ್ತು. "ನನ್ನ ಅಡುಗೆ ಸಾಕಾಗಲ್ಲವಾ ಈ ಮನೆಗೆ?" ಎಂದು ಒಂದು ದಿನ ಕೇಳಿಯೇಬಿಟ್ಟೆ. ಮರುವಾರದಿಂದ ಡಬ್ಬಿ ನಿಂತಿತು. ಇವರು ಸೋಮವಾರ ಸಂಜೆ ಅಣ್ಣನನ್ನು ಮಾತನಾಡಿಸಿ ಬರುತ್ತೇನೆಂದು ಹೋಗತೊಡಗಿದರು. ಸೋಮವಾರ ರಾತ್ರಿ ನಮ್ಮ ಮನೆಯಲ್ಲಿ ಇವರಿಗೆ ಹಸಿವು ಇರುತ್ತಿರಲಿಲ್ಲ. ನಾನು ಕೇಳಲಿಲ್ಲ, ಇವರು ಹೇಳಲಿಲ್ಲ.

ಈ ವರ್ಷ ಊಟವಾದ ಮೇಲೆ ಇವರಿಗೆ ಹೊಟ್ಟೆ ನೋಯತೊಡಗಿತು. ಸಾಧಾರಣ ಸ್ಕ್ಯಾನಿನಲ್ಲಿ ಜಠರದ ಕೆಳತುದಿಯ ಹತ್ತಿರ ಗೋಡೆಯಲ್ಲಿ ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ ಗಂಟು ಕಂಡಿತು. ಚಪ್ಪಟೆ, ನಡುವೆ ಸಣ್ಣ ತಗ್ಗು. ಇವೆಲ್ಲ ಜಾಗ ತಪ್ಪಿದ ಗ್ರಂಥಿಯ ಗುರುತುಗಳೇ. ಆದರೆ ಕೆಲವು ತಿಂಗಳು ಬಿಟ್ಟು ಮತ್ತೆ ಚಿತ್ರ ತೆಗೆದಾಗ ಅದು ಇನ್ನೂ ದಪ್ಪವಾಗಿತ್ತು, ರಕ್ತವನ್ನೂ ಜೋರಾಗಿ ಹೀರುತ್ತಿತ್ತು. ಬೇರೆ ಯಾರದ್ದಾದರೂ ಆಗಿದ್ದರೆ ಧೈರ್ಯವಾಗಿ ಒಂದು ಕಡೆ ಮಾತಾಡುತ್ತಿದ್ದೆ. ಗಂಡನದು ಎಂದಾಗ ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಯಿತು. ಸೂಜಿ ಹಾಕಿದರು, ಬರೀ ಮೇಲಿನ ಪದರ ಬಂತು. ಗ್ರಂಥಿಯನ್ನು ಚುಚ್ಚುಮದ್ದಿನಿಂದ ಎಬ್ಬಿಸಿ ನೋಡೋಣವೆಂದರು. ಮದ್ದು ಒಗ್ಗದೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತು. ಉಳಿದದ್ದು ಊಟದ ಸ್ಕ್ಯಾನ್ ಮಾತ್ರ.

ಶಸ್ತ್ರಚಿಕಿತ್ಸೆಯ ಡಾ. ಪ್ರಹ್ಲಾದ ಹುಯಿಲಗೋಳರು ಕೋಣೆಗೆ ಕರೆದು ಕೂರಿಸಿ ಮಾತಾಡಿದರು.

"ಮೇಡಂ, ಕತ್ತರಿಸಲಿಕ್ಕೆ ನನಗೇನು ಹೌಸಿ ಇಲ್ಲ. ಆದರ ಗಂಟು ಬೆಳೀಲಿಕ್ಹತ್ತದ. ಗ್ರಂಥಿ ಅಂತ ಖಾತ್ರಿ ಆದ್ರ ಗುಳಿಗಿ ಕೊಟ್ಟು ಬಿಡೋಣು. ಖಾತ್ರಿ ಆಗದಿದ್ದರ ಶುಕ್ರವಾರ ಆಪರೇಷನ್. ಜಠರದ ಕೆಳಗಿನ ಅರ್ಧ ಹೋಗ್ತದ."

ಊಟವೆಂದರೆ ಹಿಗ್ಗುವ ಮನುಷ್ಯನ ಅರ್ಧ ಜಠರ. ನಾನು ತಲೆಯಾಡಿಸಿ ಬಂದೆ.

ಸ್ವಂತದವರ ಚಿತ್ರವನ್ನು ನಾವು ಓದುವಂತಿಲ್ಲ. ಅದಕ್ಕೇ ಮೊದಲ ದಿನ ಕಂಟ್ರೋಲ್ ರೂಮಿನಲ್ಲಿ ನಾನು ಹಿಂದಿನ ಕುರ್ಚಿಯಲ್ಲಿ ಕೂತೆ. ಯಂತ್ರ ನಡೆಸುವ ಮೆಹಜಬೀನ್ ಮುಂದೆ ಕೂತಿದ್ದಳು, ಪಕ್ಕದಲ್ಲಿ ಹುಯಿಲಗೋಳರು. ಗಾಜಿನ ಆಚೆ ಚನ್ನವೀರ ಒರಗಿಕೊಂಡಿದ್ದರು. ಯಂತ್ರದ ಬಳೆ ಹೊಟ್ಟೆಯನ್ನಷ್ಟೇ ಸುತ್ತುವರಿಯುತ್ತದೆ, ತಲೆ ಕೈಗಳು ಹೊರಗಿರುತ್ತವೆ. ಮೂಗಿನ ಮುಂದೆ ಹಿಡಿಯಲು ಡಬ್ಬಿ ತಂದವಳು ನಾನು. ಎರಡು ದಿನ ಯೋಚಿಸಿ ಮಾಡಿದ ಅಡುಗೆ: ಇವರು ನೂರು ಸಲ ಹೊಗಳಿದ ಬಟಾಣಿ ಪಲಾವು, ಸೌತೇಕಾಯಿ ಮೊಸರುಬಜ್ಜಿ. ಡಬ್ಬಿಯ ಮೇಲೆ ಮೆಹಜಬೀನ್ ನಂಬರಿನ ಚೀಟಿ ಅಂಟಿಸಿದಳು. ಯಾರ ಡಬ್ಬಿಯೆಂದು ಎಲ್ಲರಿಗೂ ಗೊತ್ತಿತ್ತು.

ಡಬ್ಬಿ ತೆರೆದರು. ಹಬೆ ಎದ್ದಿತು. ಚನ್ನವೀರ ಮೂಸಿ ನೋಡಿ, ಒಂದು ತುತ್ತು ತಿಂದು, ಕಣ್ಣು ಮುಚ್ಚಿ ತೃಪ್ತಿಯಿಂದ ಅಗಿದರು. ನೋಡಿದವರು ಹಬ್ಬದ ಊಟವೆಂದುಕೊಳ್ಳಬೇಕು. ಪರದೆಯ ಮೇಲೆ ಗ್ರಂಥಿ ಮಸುಕಾಗಿ ಒಂದು ಸಲ ಮಿನುಗಿ ಮಲಗಿಕೊಂಡಿತು. ಹಸಿರು ಗೆರೆ ಎಲ್ಲೋ ಮೇಲಿತ್ತು. ಮತ್ತೊಂದು ತುತ್ತು. ಮತ್ತೆ ಅದೇ. ಗಂಟು ಕಪ್ಪಗೆ ಕೂತಿತ್ತು.

"ಕಂಪನಿ ಗಂಜಿಗಿಂತ ಒಂಚೂರು ಜಾಸ್ತಿ ಬಂದೈತ್ರಿ ಮೇಡಂ" ಎಂದಳು ಮೆಹಜಬೀನ್. ಸಮಾಧಾನ ಹೇಳಲು ಹೋಗಿ ಗಾಯಕ್ಕೆ ಖಾರ ಹಚ್ಚಿದಳು.

ಇಪ್ಪತ್ತು ವರ್ಷದ ನನ್ನ ಅನುಮಾನ ಅಲ್ಲಿ ಗೆರೆಯೆಳೆದು ನಿಂತಿತ್ತು, ಸಹೋದ್ಯೋಗಿಗಳ ಎದುರಿಗೆ. ಗಂಡನ ಜೀವದ ಪ್ರಶ್ನೆಯಾಗಿದ್ದಾಗ ಇದಕ್ಕೆ ನೋಯಬಾರದು ಎಂದು ನನಗೂ ಗೊತ್ತು. ನೋವಾಯಿತು. ಹೆದರಿಕೆಗಿಂತ ಮೊದಲು ನೋವಾಯಿತು.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಕೇಳಿದೆ.

"ಇಷ್ಟು ವರ್ಷ ಚೆನ್ನಾಗಿದೆ ಅಂದದ್ದೆಲ್ಲ ಸುಳ್ಳಾ?"

"ಸುಳ್ಳ್ಯಾಕ ಆಗತೈತಿ? ನಾಲಿಗಿಗೆ ಛಲೋನ ಇರತೈತಿ. ಹೊಟ್ಟಿದು ನನಗೇನು ಗೊತ್ತು?"

"ಹಾಗಾದ್ರೆ ಯಾರ ಅಡುಗೆಗೆ ಏಳುತ್ತೆ ನಿಮ್ಮ ಹೊಟ್ಟೆ? ಹೇಳಿ."

ಅವರು ತಲೆಯೆತ್ತಿ ತಿರುಗುವ ಫ್ಯಾನನ್ನು ನೋಡಿದರು. ಆಮೇಲೆ ಪಾಠದ ದನಿಯಲ್ಲಿ ನಿಧಾನವಾಗಿ ಹೇಳಿದರು.

"ನೀಲಾ, ಆಪರೇಷನ್ ಮಾಡ್ಸಿಬಿಡೂಣು. ಅರ್ಧಾ ಹೊಟ್ಟಿ ಇದ್ದೂ ಮಂದಿ ಬದಕತಾರ."

ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ನನ್ನ ಮುಂದೆ ಒಂದು ಹೆಸರು ಹೇಳುವುದಕ್ಕಿಂತ ಅರ್ಧ ಜಠರ ಕೊಡುವುದು ಈ ಮನುಷ್ಯನಿಗೆ ಸುಲಭವಾಗಿತ್ತು. ಅಷ್ಟು ಹೆದರಿಸಿಟ್ಟಿದ್ದೆನೇ ಎಂದು ಅಳು ಬಂತು. ಅದರ ಬೆನ್ನಿಗೇ, ಹಾಗಾದರೆ ಹೆಸರು ಅದೇ ಎಂದು ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಮರುದಿನ ಆಟೋ ಹತ್ತಿ ಹಳೇ ಹುಬ್ಬಳ್ಳಿಗೆ ಹೋದೆ.

ಕಸ್ತೂರೆವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟರು, ಏಳಲಿಲ್ಲ.

"ಬಾ ನೀಲವ್ವಾ, ಕುಂದ್ರು. ಅಂವಗ ಹ್ಯಾಂಗೈತಿ?"

ನಾನು ಯಂತ್ರದ ವಿಷಯ ಹೇಳಿದೆ. ನರ, ಗ್ರಂಥಿ, ಹಸಿರು ಗೆರೆ, ಶುಕ್ರವಾರ. ಕೊನೆಯ ವಾಕ್ಯವನ್ನು ಮೊರದ ಜೋಳ ನೋಡುತ್ತ ಹೇಳಿದೆ. "ನನ್ನ ಅಡುಗೆಗೆ ಏಳಲಿಲ್ಲ ಅಕ್ಕಾ. ನಿಮ್ಮದಕ್ಕೆ ಏಳಬಹುದು."

ಅವರು ನನ್ನ ಮುಖವನ್ನೇ ನೋಡಿದರು. ಆ ನೋಟದಲ್ಲಿ ಕರುಣೆ ಇರಲಿಲ್ಲ, ಅದಕ್ಕೆ ನಾನು ಕೃತಜ್ಞಳು.

"ನನ್ನ ಡಬ್ಬಿ ನಿಮ್ಮನಿ ಹೊಸ್ತಲಾ ದಾಟಬಾರ್ದು ಅಂತ ಹೇಳಿದಾಕಿ ನೀನ ಅಲ್ಲೇನು?"

"ನಾನೇ."

"ಹಂಗಂದ್ರ ಡಬ್ಬಿ ತರೂದಿಲ್ಲ. ನಾನ ಬರತೇನಿ. ಅಂವಾ ಹಸದು ಮನಿಗೆ ಬಂದಾಗೆಲ್ಲ ಬೇಡ್ತಿದ್ದದ್ದು ಒಂದ, ಮುಟಗಿ. ಅದೇನು ಡಬ್ಬಿಗೆ ಹಾಕಿ ಒಯ್ಯೂವಂಥಾದ್ದಲ್ಲ. ಹಂಚಿನ ಮ್ಯಾಗಿಂದ ಕೈಗೆ, ಕೈಯಿಂದ ಬಾಯಿಗೆ. ಆರಿದ್ರ ದನಕ್ಕ ಹಾಕೂದು."

ನಮ್ಮ ಕಡೆಯವರಿಗೆ ಮುಟಗಿ ಗೊತ್ತಿಲ್ಲ. ಜೋಳದ ದಪ್ಪ ರೊಟ್ಟಿಯನ್ನು ಬಿಸಿ ಬಿಸಿಯಾಗಿ ಮುರಿದು, ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸು, ಉಪ್ಪಿನ ಜೊತೆ ಕುಟ್ಟಿ, ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡುತ್ತಾರೆ. ಮೇಲೆ ನಾಲ್ಕು ಬೆರಳಿನ ಗುರುತು ಉಳಿಯುತ್ತದೆ. ಗೊತ್ತಿಲ್ಲ ಎಂದೆನಲ್ಲ, ನನಗೆ ಗೊತ್ತಿತ್ತು. ಮದುವೆಯಾದ ವರ್ಷ ಒಮ್ಮೆ ನನ್ನ ಕೈಗೂ ಒಂದು ಇಟ್ಟಿದ್ದರು. ಆಮೇಲೆ ಕೊಟ್ಟಾಗಲೆಲ್ಲ ಬೇಡವೆಂದಿದ್ದೆ.

ಗುರುವಾರ ಬೆಳಿಗ್ಗೆ ಕಸ್ತೂರೆವ್ವ ಆಸ್ಪತ್ರೆಗೆ ಬಂದರು. ಕಬ್ಬಿಣದ ಹಂಚು ಅಯಸ್ಕಾಂತದ ಹತ್ತಿರ ಸುಳಿಯುವಂತಿರಲಿಲ್ಲ. ಅದಕ್ಕೆ ರೊಟ್ಟಿ ಬೇಯಿಸಲು ಪಕ್ಕದ ಸಣ್ಣ ಅಡುಗೆ ಕೋಣೆ, ಕುಟ್ಟುವುದಕ್ಕೆ ಯಂತ್ರದ ಕೋಣೆ ಎಂದು ಗೊತ್ತುಮಾಡಿದೆವು. ಕುಟ್ಟಾಣಿ ಕಲ್ಲಿನದು, ಅಡ್ಡಿಯಿಲ್ಲ. ಬಾಗಿಲಲ್ಲಿ ಮೆಹಜಬೀನ್ ಅವರ ಮೈಮೇಲಿನ ಪಿನ್ನುಗಳನ್ನು ಬಿಚ್ಚಿಸಿದಳು. ಸೆರಗಿಗೊಂದು, ಬಳೆಗೆ ಸಿಕ್ಕಿಸಿದ್ದು ಮೂರು, ತಾಳಿಯ ಸರದಲ್ಲಿ ಇನ್ನೊಂದಿಷ್ಟು.

"ಎಲ್ಲಾ ತಕ್ಕೊಂಡ್ರ ಸೀರಿ ನಿಲ್ಲೂದ್ಹೆಂಗವ್ವಾ?" ಎಂದು ಕೇಳಿ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು ಒಳಗೆ ಹೋದರು.

ನಾನು ಹಿಂದಿನ ಕುರ್ಚಿಯಲ್ಲಿ ಕೂತೆ. ಏಳಲಿ ಎಂದು ಬೇಡಿಕೊಳ್ಳುತ್ತಿದ್ದೆ. ಏಳದಿರಲಿ ಎಂದು ಒಳಗೆಲ್ಲೋ ಒಂದು ಮೂಲೆ ಬೇಡಿಕೊಳ್ಳುತ್ತಿತ್ತು. ಆ ಮೂಲೆಯ ಬಾಯಿ ಮುಚ್ಚಿಸಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ.

ರೊಟ್ಟಿ ಒಳಗೆ ಹೋದ ಕೂಡಲೇ ಕುಟ್ಟುವ ಸದ್ದು ಶುರುವಾಯಿತು. ಚನ್ನವೀರ ಇನ್ನೂ ಏನೂ ತಿಂದಿರಲಿಲ್ಲ, ಬೆಳ್ಳುಳ್ಳಿ ಇನ್ನೂ ಜಜ್ಜಿ ಮುಗಿದಿರಲಿಲ್ಲ. ಬರೀ ಆ ಸದ್ದಿಗೇ ಗ್ರಂಥಿ ಮಿಸುಕಿತು. ವಾಸನೆ ತಲುಪಿದಾಗ ಬೆಳಕು ಗ್ರಂಥಿಯ ಈ ತುದಿಯಿಂದ ಆ ತುದಿಯವರೆಗೆ ಹರಿದು ಹಸಿರು ಗೆರೆಯನ್ನು ದಾಟಿ ಮೇಲೇರಿತು. ಇವರ ಮುಖದ ಮೇಲೆ ತೃಪ್ತಿಯ ನಾಟಕವೇನೂ ಇರಲಿಲ್ಲ. ಶಾಲೆ ಬಿಟ್ಟು ಬಂದ ಹುಡುಗನ ಹಾಗೆ ಬಾಯಿ ತೆರೆದು ಕಾಯುತ್ತಿದ್ದರು. ನಾನು ಆ ಮುಖವನ್ನು ಯಾವತ್ತೂ ನೋಡಿರಲಿಲ್ಲ.

"ಮೇಡಂ, ಇಲ್ಲೆ ನೋಡ್ರಿ" ಎಂದಳು ಮೆಹಜಬೀನ್.

ಜಠರದ ಗೋಡೆಯಲ್ಲಿ, ಕಪ್ಪಗೆ ಕೂತಿದ್ದ ಗಂಟು ಬೆಳಗುತ್ತಿತ್ತು. ಗ್ರಂಥಿ ಏರಿದರೆ ಅದೂ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ನಡುವಿನ ತಗ್ಗಿನಿಂದ ಒಂದು ತೆಳ್ಳನೆಯ ಗೆರೆ ರಸ ಜಠರದೊಳಕ್ಕೆ ಜಿನುಗಿದ್ದೂ ಕಂಡಿತು. ನನಗೆ ಕಣ್ಣು ಮಂಜಾಯಿತು. ಹುಯಿಲಗೋಳರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಛಲೋ ಅದ. ಆದರ ಸಾಕಾಗೂದಿಲ್ಲ" ಎಂದರು. "ಈ ಬಳ್ಳೊಳ್ಳಿ, ಮೆಣಸಿನಕಾಯಿ ಘಾಟಿಗೆ ಯಾರ ಜಠರದ ಗೋಡಿಗಾದ್ರೂ ರಕ್ತ ನುಗ್ಗಿ ಯಂತ್ರಕ್ಕ ಮೋಸ ಆಗಬಹುದು. ಹೊಸಾ ಊಟ ಇದ್ದಾಗ ಹೋಲಿಕೆ ಬೇಕು. ನಿಯಮ ಮಾಡಿದವರು ನೀವ. ನಾಳೆ ಬೆಳಿಗ್ಗೆ ಥಿಯೇಟರ್ ಬುಕ್ ಆಗೇದ, ರದ್ದು ಮಾಡಬೇಕಂದ್ರ ಇವತ್ತ ಹೋಲಿಕೆ ಬೇಕು. ಖಾಲಿ ಹೊಟ್ಟಿಲೆ ಯಾರಿದ್ದೀರಿ?"

ಮೆಹಜಬೀನ್ ಪಡ್ಡು ತಿಂದು ಬಂದಿದ್ದಳು. ಹುಯಿಲಗೋಳರದ್ದು ಉಪ್ಪಿಟ್ಟಾಗಿತ್ತು. ಹಿಂದಿನ ಸಂಜೆಯಿಂದ ನೀರು ಬಿಟ್ಟು ಏನೂ ಗಂಟಲಿಗಿಳಿಯದಿದ್ದವಳು ನಾನೊಬ್ಬಳೇ.

ನಾನು ಗೌನು ಹಾಕಿಕೊಂಡು, ತಾಳಿ ಬಿಚ್ಚಿ ಮೆಹಜಬೀನ್ ಕೈಗೆ ಕೊಟ್ಟು ಯಂತ್ರದಲ್ಲಿ ಒರಗಿದೆ. ಲೆಕ್ಕ ಸರಳವಾಗಿತ್ತು. ನನ್ನ ಗ್ರಂಥಿ ಏಳಬೇಕು, ಜಠರದ ಗೋಡೆ ಕಪ್ಪಗಿರಬೇಕು. ಹಾಗಾದರೆ ಘಾಟಿನಿಂದ ಗೋಡೆ ಹೊಳೆಯುವುದಿಲ್ಲವೆಂದು ಸಾಬೀತು, ಇವರ ಗಂಟು ಗ್ರಂಥಿಯೇ ಎಂದು ಖಾತ್ರಿ. ನನ್ನ ಗ್ರಂಥಿಯೇ ಏಳದಿದ್ದರೆ ಹೋಲಿಕೆ ರದ್ದು, ನಾಳೆ ಕತ್ತರಿ. ಅಂದರೆ ಗಂಡನ ಜಠರ ಉಳಿಯಬೇಕಾದರೆ ಕಸ್ತೂರೆವ್ವನ ಅಡುಗೆಗೆ ನಾನು ನಿಜವಾಗಿ ಆಸೆಪಡಬೇಕು. ಬಾಯಿಮಾತಿಗಲ್ಲ, ಹೊಟ್ಟೆಯೊಳಗಿನಿಂದ.

ನನ್ನ ತಲೆಯ ಪಕ್ಕದಲ್ಲಿ ಅವರು ಕುಟ್ಟಾಣಿ ಇಟ್ಟುಕೊಂಡು ಕೂತರು. ಕುಟ್ಟಲು ಶುರುಮಾಡಿದರು. ಬೆಳ್ಳುಳ್ಳಿಯ ವಾಸನೆ ಬಂತು. ನನಗೆ ಕಂಡದ್ದು ಬಾಯಿ ತೆರೆದು ಕಾಯುತ್ತಿದ್ದ ಆ ಮುಖ. ಹೊಟ್ಟೆ ಕಲ್ಲಾಯಿತು.

ಸ್ಪೀಕರಿನಲ್ಲಿ ಮೆಹಜಬೀನ್ ದನಿ ಬಂತು. "ಮೇಡಂ, ಏನೂ ಬರವಲ್ದು. ಸ್ವಲ್ಪ ಸಮಾಧಾನ ಮಾಡ್ಕೋರಿ."

ಬೇವಿನ ಮರದ ಕೆಳಗೆ ಕಳಿಸಿದ ಹೆಂಗಸರೆಲ್ಲ ನೆನಪಾದರು. ಸಮಾಧಾನ ಮಾಡಿಕೊಳ್ಳಿ ಎಂದು ಎಷ್ಟು ಸುಲಭವಾಗಿ ಹೇಳುತ್ತಿದ್ದೆ. ಆ ನರ ನನ್ನ ಮಾತು ಕೇಳುವುದಿಲ್ಲ, ಅದು ಪದವಿ ನೋಡುವುದಿಲ್ಲ. ಕಣ್ಣು ಮುಚ್ಚಿ ಹಸಿವು ಹಸಿವು ಎಂದುಕೊಂಡೆ. ಕಣ್ಣಿನ ಕೊನೆಯಿಂದ ನೀರು ಕಿವಿಗಿಳಿಯಿತು.

ಕುಟ್ಟುವ ಸದ್ದು ನಿಂತಿತು.

"ನೀಲವ್ವಾ," ಎಂದರು ಕಸ್ತೂರೆವ್ವ, ಮೆಲ್ಲಗೆ, ಗಾಜಿನಾಚೆಗೆ ಕೇಳದ ಹಾಗೆ. "ನಿನ್ನ ಕಂಡ್ರ ನನಗ ಮೊದಲಿಂದನೂ ಹೊಟ್ಟಿಕಿಚ್ಚು."

ನಾನು ಕಣ್ಣು ತೆರೆದೆ.

"ನಾ ಆ ಮನಿಗೆ ಬಂದಾಗ ಅಂವಾ ಕಣ್ಣೀರು ಬತ್ತದ ಹುಡುಗ. ಹಗಲೂ ರಾತ್ರಿ ಉಣಿಸೀನಿ. ನೀ ಬಂದ ಮೂರ ದಿನಕ್ಕ ತಾಟು ಎತಗೊಂಡು ನಿನ್ನ ಬಾಜೂಕ ಹೋಗಿ ಕುಂತ. ಈಗೂ ಸೋಮವಾರ ಬರತಾನ. ಬಂದು ಏನ ಮಾತಾಡತಾನ ಗೊತ್ತೈತೇನು? ನೀಲಾ ಹಿಂಗಂದ್ಲು, ನೀಲಾ ಇಂಥಾ ರೋಗ ಪತ್ತೆ ಹಚ್ಚಿದ್ಲು, ನೀಲಾ ಹಂಗ ನಕ್ಕಳು. ನನ್ನ ಮುಟಗಿ ತಿನಕೋಂತ ನಿನ್ನ ಸುದ್ದಿ ಹೇಳತಾನ. ರೊಟ್ಟಿ ಅಂವನ ತಲಿ ಮ್ಯಾಲ ಕುಕ್ಕಬೇಕನಸ್ತೈತಿ ನನಗ."

ಅವರು ತಮಾಷೆ ಮಾಡುತ್ತಿರಲಿಲ್ಲ. ಮುಖ ಕೆಂಪಗಾಗಿತ್ತು. ಹೇಳಿದ್ದಕ್ಕೆ ತಮ್ಮ ಮೇಲೆಯೇ ಸಿಟ್ಟು ಬಂದವರಂತೆ ಮತ್ತೆ ದಬದಬ ಕುಟ್ಟತೊಡಗಿದರು.

ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಇಷ್ಟು ವರ್ಷ ನಾನು ಉರಿದದ್ದು ವ್ಯರ್ಥವಾಗಲಿಲ್ಲ, ಆ ಕಡೆಯೂ ಅಷ್ಟೇ ಉರಿದಿತ್ತು. ಮೈ ಸಡಿಲವಾಯಿತು. ಭುಜಗಳು ಇಳಿದವು. ಉಸಿರು ಉದ್ದಕ್ಕೆ ಬಂತು, ಮತ್ತು ಆ ಉಸಿರಿನ ಜೊತೆಗೆ ಸುಟ್ಟ ಜೋಳದ ವಾಸನೆ, ಬೆಳ್ಳುಳ್ಳಿ, ಹಸಿಮೆಣಸು, ಬಿಸಿ ಎಣ್ಣೆ ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವು. ಬಾಯಲ್ಲಿ ನೀರೂರಿತು. ಹೊಟ್ಟೆ ಗುರ್ ಎಂದದ್ದು ಅವರಿಗೂ ಕೇಳಿಸಿರಬೇಕು. ಹಿಂದಿನ ಸಂಜೆಯಿಂದ ಎಲ್ಲಿ ಅಡಗಿತ್ತೋ ಆ ಹಸಿವು, ಒಮ್ಮೆಲೇ ಎದ್ದು ಬಂತು.

"ಬಾಯಿ ತಗೀ" ಎಂದರು ಕಸ್ತೂರೆವ್ವ.

ಬೆರಳಿನ ಗುರುತಿದ್ದ ಬಿಸಿ ಉಂಡೆಯನ್ನು ಮುರಿದು ನನ್ನ ಬಾಯಿಗಿಟ್ಟರು. ಅದರ ರುಚಿಯನ್ನು ನಾನು ಹೊಗಳುವುದಿಲ್ಲ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಎರಡನೆಯ ತುತ್ತಿಗೆ ಅವರು ಕೈ ತರುವ ಮೊದಲೇ ಬಾಯಿ ತೆರೆದಿದ್ದೆ.

ಸ್ಪೀಕರಿನಲ್ಲಿ ಹುಯಿಲಗೋಳರ ದನಿ ಬಂತು. "ಗೆರೆ ದಾಟೇದ. ಜಠರದ ಗೋಡಿ ಕಪ್ಪಗ ಅದ, ಒಂದು ಚುಕ್ಕಿ ಬೆಳಕಿಲ್ಲ. ಹೋಲಿಕೆ ಸರಿ ಆತು. ಮೇಡಂ, ನಾಳಿನ ಥಿಯೇಟರ್ ರದ್ದು ಮಾಡಸ್ತೇನಿ."

ಕಸ್ತೂರೆವ್ವ ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಅವರ ಎಣ್ಣೆಗೈಯನ್ನು ಹಿಡಿದುಕೊಂಡೆ. ಇಬ್ಬರೂ ಅತ್ತೆವು, ಆದರೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊರಗೆ ಬಂದು ಗೌನು ಬಿಚ್ಚುವಾಗ ಮೆಹಜಬೀನ್ ನನ್ನ ಕಿವಿಯ ಹತ್ತಿರ ಬಂದಳು.

"ಒಂದು ಮಾತು ರೀ ಮೇಡಂ. ಸರ್‌ದ್ಕಿಂತ ನಿಮ್ಮದ ಜಾಸ್ತಿ ಬಂದೈತಿ. ಯಂತ್ರ ಬಂದಾಗಿಂದ ಇಷ್ಟು ಬೆಳಕು ನಾ ನೋಡಿಲ್ಲ. ವರದಿಗೆ ಹಚ್ಚಲೇನ್ರೀ?"

"ಗೆರೆ ದಾಟಿದೆ ಅಂತ ಬರಿ, ಸಾಕು" ಎಂದೆ.

ವಾರ್ಡಿನಲ್ಲಿ ಚನ್ನವೀರ ಎದ್ದು ಕೂತಿದ್ದರು. ಸುದ್ದಿ ಹೇಳಿದೆ. ಅವರು ಕೇಳಿದ್ದನ್ನು ನಂಬಲಾರದೆ ಎರಡು ಸಲ ಹೇಳಿಸಿಕೊಂಡು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ವೈನಿಯ ಹೆಸರನ್ನು ಹೇಗೆ ಎತ್ತುವುದೆಂದು ಅಲ್ಲಿ ಇಲ್ಲಿ ನೋಡುತ್ತಿದ್ದಾರೆಂದು ನನಗೆ ತಿಳಿಯಿತು. ಕೊನೆಗೆ ಧೈರ್ಯ ಮಾಡಿದರು.

"ವೈನಿ ಅದಾರೇನು? ನನಗ ಬರೇ ಒಂದ ಮುಟಗಿ ಕೊಟ್ರು, ಅದ್ರಾಗೂ ಅರ್ಧಾ ತಿನ್ನೂದ್ರಾಗ ಸಾಕಂದ್ರು. ಉಳದಾವೇನು ನೋಡು."

"ಅಕ್ಕ ಮನೆಗೆ ಹೋದ್ರು. ಉಳಿದಿಲ್ಲ."

"ಎಲ್ಲಾ ಏನಾದ್ವು?"

"ನಾನು ತಿಂದೆ. ಪರೀಕ್ಷೆಗೆ."

"ಎಷ್ಟು?"

"ಮೂರು. ಅಕ್ಕನೇ ಮುರಿದು ಬಾಯಿಗಿಟ್ರು."

ಅವರು ನನ್ನ ಕೈ ಬಿಟ್ಟರು. ಹುಬ್ಬು ಗಂಟಿಕ್ಕಿತು, ಕೆಳತುಟಿ ಮುಂದೆ ಬಂತು. "ನಿನಗ ಮೂರು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು. "ಬಾಯಿಗಿ ಬ್ಯಾರೆ ಇಟ್ರೇನು?"

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರ ಹೊಟ್ಟೆಕಿಚ್ಚನ್ನು ನಾನು ನೋಡಿದೆ. ಯಂತ್ರವೇ ಬೇಕಾಗಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಅವರ ಬೆನ್ನು ನೋಡುತ್ತ, ಸೋಮವಾರ ನಾನೂ ಬರುತ್ತೇನೆಂದು ಹೇಳಿದೆ.